ನಿದ್ದೆಯ ನೀರು

ಎಂಟು ಚಳಿಗಾಲದ ಹಿಂದೆ, ಬೇಟೆಗಾರರು ತಂಗುವ ಬೇಟೆಮನೆಯ ಯಜಮಾನ ತಾಂಕೊವ್‌ನ ಅತಿಥಿಗಳು ಸೀವಾ ಕೆರೆಯ ಮೇಲೆ ಮಲಗಿದ್ದ ಹನ್ನೊಂದು ಕೆಂಪೆದೆಯ ಹೆಬ್ಬಾತುಗಳನ್ನು ಕೊಂದರು. ಕಾನೂನಿನಂತೆ ಆ ಹಕ್ಕಿಯನ್ನು ಯಾರೂ ಕೊಲ್ಲುವಂತಿಲ್ಲ. ಅದಕ್ಕಾಗಿ ಬೇಟೆಗಾರರ ಮಾರ್ಗದರ್ಶಿಯ ಬಿಲ್ಲೆ ಕಳೆದುಕೊಂಡವಳು ವೆಲಿಕಾ. ಆ ಬೆಳಿಗ್ಗೆ ವೆಲಿಕಾ ಕೆರೆಯ ಕಡೆಗೇ ಹೋಗಿರಲಿಲ್ಲ.

ಈಗ ಅವಳ ಕೂದಲಲ್ಲಿ ಸಿಕ್ಕಿಕೊಂಡಿದ್ದ ಬಾತಿನ ನವಿರುಗಳನ್ನು ಮಗಳು ರುಸ್ಕಾ ಒಂದೊಂದಾಗಿ ಆರಿಸುತ್ತಿದ್ದಳು. ಬಾಚಿದಷ್ಟೂ ಬರುತ್ತಿದ್ದವು. ಮೊನ್ನೆ ಬೇಟೆಮನೆಯ ಹಿಂದಿನ ಪುಕ್ಕ ಕೀಳುವ ಕೊಟ್ಟಿಗೆಯಲ್ಲಿ, ತೊಡೆಯ ಮೇಲೆ ಅರ್ಧ ಕಿತ್ತ ಹಕ್ಕಿ ಇಟ್ಟುಕೊಂಡು ಗೋಡೆಗೊರಗಿದವಳು ಹಾಗೆಯೇ ಹೋಗಿಬಿಟ್ಟಿದ್ದಳು. ಪಕ್ಕದ ಹೆಂಗಸರು ನಿದ್ದೆ ಬಂದಿರಬೇಕು ಪಾಪ ಎಂದುಕೊಂಡು ಅವಳ ಪಾಲಿನ ಹಕ್ಕಿಗಳನ್ನೂ ತಾವೇ ಕಿತ್ತು ಮುಗಿಸಿದ್ದರು.

"ಬಿಡೇ ರುಸ್ಕಾ, ಒಂದೆರಡು ಇದ್ರೆ ಇರ್ಲಿ," ಎಂದಳು ಪಕ್ಕದ ಮನೆಯ ತೀನ್ಕಾ, ಶವಪೆಟ್ಟಿಗೆಯ ತಲೆದೆಸೆಯಲ್ಲಿ ಮೇಣದಬತ್ತಿ ನೆಡುತ್ತಾ. "ಮೇಲೆ ಹೋದಾಗ ಕೆಲಸ ಏನು ಮಾಡ್ತಿದ್ದೆ ಅಂತ ಕೇಳ್ತಾರಲ್ಲ, ತೋರ್ಸೋಕಾಗುತ್ತೆ."

"ಅಮ್ಮ ಪುಕ್ಕ ಕೀಳೋಳಲ್ಲ ಅತ್ತೆ. ಮಾರ್ಗದರ್ಶಿ."

"ಅದು ನಂಗೊತ್ತಿಲ್ವೇನೇ? ಅಲ್ಲಿ ಕೂತಿರೋರಿಗೆ ಗೊತ್ತಿರುತ್ತೋ ಇಲ್ವೋ."

ಬಾಗಿಲು ತೆರೆದುಕೊಂಡು ಚಳಿ ನುಗ್ಗಿತು. ಅದರ ಹಿಂದೆಯೇ ನಾಲ್ವರು ಮಾರ್ಗದರ್ಶಿಗಳು ಒಳಬಂದರು. ಮುಂದೆ ಮುದುಕ ಮಿಂಚೋ. ನಾಲ್ವರ ಮೈಮೇಲೂ ಹಿಮದಲ್ಲಿ ಹಕ್ಕಿಯ ಕಣ್ಣಿಗೆ ಬೀಳದಂತೆ ತೊಡುವ ಬಿಳಿ ನಿಲುವಂಗಿ. ಕೋಣೆಯ ಉಳಿದವರೆಲ್ಲ ಕಪ್ಪಿನಲ್ಲಿದ್ದರು.

"ಥೂ ನಿಮ್ಮ! ಮದುವೆಗೆ ಬಂದ್ರಾ, ಸಾವಿಗೆ ಬಂದ್ರಾ?" ಎಂದಳು ತೀನ್ಕಾ.

"ಹೊಲದಿಂದ ನೇರ ಬಂದ್ವಿ ಮಾರಾಯ್ತಿ," ಎಂದ ಮಿಂಚೋ, ಟೋಪಿ ತೆಗೆಯುತ್ತಾ. "ಇದನ್ನ ಹೊಲಿದುಕೊಟ್ಟವಳು ಅವಳೇ ತಾನೇ? ಅವಳಿಗೆ ತೋರಿಸೋಕೆ ಹಾಕ್ಕೊಂಡಿದ್ದು. ನಿಂಗಲ್ಲ."

"ಹೊಲಿದದ್ದು ಅವಳು. ಬಟ್ಟೆ ನನ್ನ ಮಂಚದ್ದು. ನನ್ನ ಮದುವೆ ಹೊದಿಕೆ ನಿನ್ನ ಬೆನ್ನ ಮೇಲಿದೆ ಕಣೋ ಮುದಿಯಾ."

"ಅದಕ್ಕೇ ಇಷ್ಟು ಬೆಚ್ಚಗಿದೆ," ಎಂದ ಮಿಂಚೋ. ನಗಬಾರದ ಜಾಗದಲ್ಲಿ ಎಲ್ಲರೂ ನಕ್ಕರು, ರುಸ್ಕಾಳೂ ನಕ್ಕಳು. ಮಿಂಚೋ ಮಾತ್ರ ನಗುತ್ತಲೇ ಶವಪೆಟ್ಟಿಗೆಯ ಹತ್ತಿರ ಹೋದವನು ವೆಲಿಕಾಳ ಮುಖ ನೋಡಲಾರದೆ ಅವಳ ಕೈ ನೋಡುತ್ತಾ ನಿಂತ.

ತಾಂಕೊವ್ ಬಂದಾಗ ನಗು ತಾನಾಗಿಯೇ ನಿಂತಿತು. ಅವನ ಚಾಲಕನ ಕೈಯಲ್ಲಿ ಬಾಗಿಲಿಗಿಂತ ಅಗಲವಾದ ಹೂವಿನ ಚಕ್ರ. ಅದನ್ನು ಓರೆ ಮಾಡಿ ಒಳಗೆ ತರಬೇಕಾಯಿತು. 'ನಮ್ಮ ಪ್ರೀತಿಯ ವೆಲಿಕಾಳಿಗೆ, ಬೇಟೆಮನೆಯ ಕುಟುಂಬದಿಂದ' ಎಂದು ಪಟ್ಟಿಯ ಮೇಲೆ ಬಂಗಾರದ ಅಕ್ಷರ. ಪೆಟ್ಟಿಗೆಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಹೊತ್ತು ನಿಂತು, ಶಿಲುಬೆಯ ಗುರುತು ಮಾಡಿ, ಅವನು ರುಸ್ಕಾಳನ್ನು ಅಡುಗೆಮನೆಗೆ ಕರೆದ.

"ದುಃಖದ ಸಮಯ, ನಂಗರ್ಥ ಆಗುತ್ತೆ. ಆದ್ರೆ ಇಟಲಿಯಿಂದ ಐದು ಜನ ಬಂದು ಕೂತಿದ್ದಾರೆ. ಎರಡು ದಿನದಿಂದ ಒಂದು ರೆಕ್ಕೆ ಕಂಡಿಲ್ಲ ಅವರು."

"ಹೊಲದ ಮೇಲೆ ಮಂಡಿಯುದ್ದ ಹಿಮ. ಗೋಧಿ ಪೈರೇ ಕಾಣ್ತಿಲ್ಲ. ಹಕ್ಕಿ ಯಾಕೆ ಬರ್ತವೆ?"

"ಅವು ಬರದಿದ್ರೆ ನಾವೇ ಹೋಗಬೇಕು. ನಾಳೆ ಬೆಳಿಗ್ಗೆ ಐದಕ್ಕೆ. ಒಳಗೆ."

ಒಳಗೆ ಎಂದರೆ ಎಲ್ಲಿಗೆ ಎಂದು ರುಸ್ಕಾ ಕೇಳಬೇಕಾಗಿರಲಿಲ್ಲ. ಕೆರೆ ಪೂರ್ತಿ ಗಡ್ಡೆ ಕಟ್ಟಿದರೂ ನಟ್ಟನಡುವೆ, ಜೊಂಡಿನ ಆಚೆ, ತಳದಲ್ಲಿ ಬೆಚ್ಚಗಿನ ಒಸರು ಇರುವ ಕಡೆ ನೀರು ತೆರೆದೇ ಇರುತ್ತದೆ. ಹೆಬ್ಬಾತುಗಳು ಇರುಳು ಕಳೆಯುವುದು ಅಲ್ಲಿ. ಊರಿನವರು ಅದನ್ನು ನಿದ್ದೆಯ ನೀರು ಎನ್ನುತ್ತಾರೆ. ಸುತ್ತಲಿನ ಮಂಜುಗಡ್ಡೆ ಎಲ್ಲಿ ಗಟ್ಟಿ, ಎಲ್ಲಿ ಬರೀ ಕೆನೆ ಎಂಬುದು ಗೊತ್ತಿದ್ದವಳು ವೆಲಿಕಾ. ಅವಳ ನಂತರ ರುಸ್ಕಾ.

"ಅಲ್ಲಿ ಬಂದೂಕು ಒಯ್ಯೋ ಹಾಗಿಲ್ಲ ಯಜಮಾನ್ರೇ."

"ಈ ಶರತ್ಕಾಲದಲ್ಲಿ ತಾನೇ ನಿಂಗೆ ಬಿಲ್ಲೆ ಕೊಡಿಸಿದ್ದು? ಕೊಡಿಸಿದವರು ಯಾರು ಅಂತ ನೆನಪಿದೆ ತಾನೇ?" ಎಂದ ತಾಂಕೊವ್ ಮೆಲ್ಲಗೆ, ಅವಳ ಭುಜ ತಟ್ಟಿ. "ಕೊಟ್ಟಿಗೆಯಲ್ಲಿ ನಿನ್ನಮ್ಮನ ಜಾಗ ಖಾಲಿಯಿದೆ. ಅದು ನಿಂಗೆ ಬೇಡ ಅಂತಲೇ ನನ್ನ ಆಸೆ."

*

ಊರ ಹೊಲವೆಲ್ಲ ಸರ್ಕಾರದ ಸಹಕಾರಿ ಕೃಷಿಗೆ ಸೇರಿದ್ದ ಕಾಲದಲ್ಲಿ ವೆಲಿಕಾಳಿಗೆ ಇದ್ದ ಕೆಲಸ ತಗಡಿನ ಡಬ್ಬ ಬಡಿಯುತ್ತಾ ಗೋಧಿ ಹೊಲದಿಂದ ಹೆಬ್ಬಾತು ಓಡಿಸುವುದು. ಓಡಿಸಿ ಓಡಿಸಿ ಅವುಗಳ ಗುಟ್ಟೆಲ್ಲ ಅವಳಿಗೆ ತಿಳಿಯಿತು. ಯಾವ ಗಾಳಿಗೆ ಯಾವ ದಿಬ್ಬದ ಮೇಲಿಂದ ಬರುತ್ತವೆ, ಇಳಿಯುವ ಮುಂಚೆ ಎಷ್ಟು ಸುತ್ತು ಹಾಕುತ್ತವೆ, ಯಾವ ಕೂಗಿಗೆ ತಿರುಗುತ್ತವೆ. ಸಹಕಾರಿ ಮುರಿದುಬಿತ್ತು, ಟ್ರ್ಯಾಕ್ಟರುಗಳು ರಾತ್ರೋರಾತ್ರಿ ಯಾರ‍್ಯಾರದೋ ಆದವು, ಹೊರದೇಶದ ಬೇಟೆಗಾರರು ಬರತೊಡಗಿದರು. ಊರ ಗಂಡಸರಿಗೆ ಬಂದೂಕು ಗೊತ್ತಿತ್ತು. ಹಕ್ಕಿ ಗೊತ್ತಿದ್ದದ್ದು ವೆಲಿಕಾಳಿಗೆ. ಹೀಗೆ ಅವಳು ಈ ಕೆರೆಯ ಮೊದಲ ಹೆಣ್ಣು ಮಾರ್ಗದರ್ಶಿಯಾದಳು.

ಹಕ್ಕಿ ಕರೆಯುವ ಪೀಪಿ ಹಿಡಿಯುತ್ತಿರಲಿಲ್ಲ. ಗಂಟಲಿನಿಂದಲೇ ಕೂಗುತ್ತಿದ್ದಳು. ಹಕ್ಕಿಗಳನ್ನು ಸೆಳೆಯಲು ಹಿಮದಲ್ಲಿ ನೆಟ್ಟ ಹುಸಿಬಾತುಗಳ ನಡುವೆ ಬಿಳಿ ಬಟ್ಟೆ ಹೊದ್ದು ಅಂಗಾತ ಮಲಗಿ ಅವಳು ಕೂಗಿದರೆ, ದಾಟಿ ಹೋದ ಸಾಲು ಕೂಡ ಒಮ್ಮೆ ತಿರುಗಿ ನೋಡುತ್ತಿತ್ತು. ರೆಕ್ಕೆ ಇಳಿಸಿ ನೆಲಕ್ಕೆ ಕಾಲು ಚಾಚಿದ ಹಕ್ಕಿಗೆ ಗುರಿಯಿಟ್ಟ ಅತಿಥಿಯೊಬ್ಬನ ನೆತ್ತಿಗೆ, ಇಳಿಯುವ ಹಕ್ಕಿಯನ್ನು ಹೊಡೆಯಬಾರದೆಂದು, ಹುಸಿಬಾತಿನಿಂದಲೇ ಕುಟ್ಟಿದ್ದಳು. ಅವನು ಮರುವರ್ಷವೂ ಬಂದ, ಅವಳೇ ಬೇಕೆಂದು ಕೇಳಿಕೊಂಡು ಬಂದ.

ಹನ್ನೆರಡರ ರುಸ್ಕಾಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಅವಳು ಹೇಳಿದ್ದಿಷ್ಟೇ:

"ಹೊಲದಲ್ಲಿ ಹೊಡೆದ್ರೆ ಆ ಹೊಲನ ನಾಲ್ಕು ದಿನ ಬಿಡ್ತವೆ. ಮಲಗೋ ಜಾಗದಲ್ಲಿ ಹೊಡೆದ್ರೆ ಊರನ್ನೇ ಬಿಡ್ತವೆ. ಸಾವಿರಾರು ಮೈಲಿ ಹಾರಿ ಬಂದು ಒಂದು ಕಡೆ ಕಣ್ಣು ಮುಚ್ಚುತ್ತೆ ಕಣೇ ಆ ಹಕ್ಕಿ. ಅದೊಂದು ಕಡೆ ಬಿಟ್ಟುಕೊಡೋಕೆ ನಮಗೇನು ಕಷ್ಟ?"

*

ಸ್ಮಶಾನ ಕೆರೆಯ ಮೇಲಿನ ಇಳಿಜಾರಿನಲ್ಲಿದೆ. ನೆಲ ಕಲ್ಲಾಗಿತ್ತು. ಹಿಂದಿನ ದಿನವಿಡೀ ಹುಲ್ಲು ಸುಟ್ಟು ಮಣ್ಣು ಸಡಿಲ ಮಾಡಿ ಗುಂಡಿ ತೋಡಿದ್ದರು. ಅಂಚಿನಲ್ಲಿ ಹಿಮವೂ ಬೂದಿಯೂ ಬೆರೆತಿದ್ದವು. ಪಾದ್ರಿ ಚಳಿಗೆ ಹೆದರಿ ಪ್ರಾರ್ಥನೆಯ ನಡುವಿನ ಪುಟಗಳನ್ನು ಹಾರಿಸಿದ. ಕೆಳಗೆ ಕೆರೆ ಬೆಳ್ಳಗೆ ಬಿದ್ದಿತ್ತು, ನಡುವೆ ಕಪ್ಪಗೆ ಒಂದು ಚೂರು ನೀರು. ಅದರ ಮೇಲೆ ಒತ್ತೊತ್ತಾಗಿ ಹೆಬ್ಬಾತುಗಳು.

"ನೋಡು, ಒಂದೂ ಎದ್ದಿಲ್ಲ," ಎಂದ ಮಿಂಚೋ. "ಅವಳ ಸಾವಿಗೆ ರಜೆ ಹಾಕಿವೆ."

"ಹಸಿದು ಕೂತಿವೆ ಮಾವ. ಹಾರಿದ್ರೆ ಇರೋ ಕಸುವೂ ಹೋಗುತ್ತೆ ಅಂತ ಅವಕ್ಕೆ ಗೊತ್ತು."

ಹಿಡಿ ಹಿಡಿ ಮಣ್ಣು ಹಾಕಿದ ಮೇಲೆ ರುಸ್ಕಾ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯನ್ನು ಹಂಚಿದಳು. ಒಬ್ಬೊಬ್ಬರೂ ಒಂದು ಚಮಚ ಬಾಯಿಗಿಟ್ಟು, "ದೇವರು ಕ್ಷಮಿಸಲಿ," ಎನ್ನಬೇಕು. ಎಲ್ಲ ಸಾವಿನಲ್ಲೂ ಎಲ್ಲರೂ ಅನ್ನುವ ಮಾತು. ತೀನ್ಕಾ ಅಂದಳು, ಮಿಂಚೋ ಅಂದ, ಪಾದ್ರಿ ಅಂದ.

ತಾಂಕೊವ್ ಕೈಗವಸು ಬಿಚ್ಚಿ ಚಮಚ ತೆಗೆದುಕೊಂಡ. "ದೇವರು ಅವಳನ್ನ ಕ್ಷಮಿಸಲಿ."

"ಯಾವುದಕ್ಕೆ?" ಎಂದಳು ರುಸ್ಕಾ.

ಚಮಚ ಅವನ ಬಾಯಿಯ ಹತ್ತಿರವೇ ನಿಂತಿತು. "ಏನಮ್ಮ?"

"ಯಾವ ತಪ್ಪಿಗೆ ಕ್ಷಮಿಸಬೇಕು ಅಂತ."

"ಅದು... ಎಲ್ಲರೂ ಹೇಳೋ ಮಾತಲ್ವಾ?"

"ಎಲ್ಲರೂ ಹೇಳಿದ್ರು. ಅವರನ್ನ ನಾನು ಕೇಳಲಿಲ್ಲ."

ಜನ ತಮ್ಮ ಬಟ್ಟಲುಗಳನ್ನು ನೋಡಿಕೊಂಡರು. ತಾಂಕೊವ್ ಗೋಧಿ ಅಗಿದು ನುಂಗಿದ, ಮೀಸೆ ಒರೆಸಿಕೊಂಡ. "ಐದಕ್ಕೆ," ಎಂದು ಅವಳಿಗೆ ಮಾತ್ರ ಕೇಳುವಂತೆ ಹೇಳಿ ಕೈಗವಸು ಹಾಕಿಕೊಂಡ.

*

ಎಂಟು ಚಳಿಗಾಲದ ಹಿಂದೆಯೂ ಅವನು ಮೆಲ್ಲಗೇ ಮಾತಾಡಿದ್ದ. ಇದೇ ಮನೆ, ಇದೇ ಮೇಜು. ನಿದ್ದೆಯ ನೀರಿಗೆ ಕರೆದೊಯ್ಯಲಾರೆ ಎಂದು ವೆಲಿಕಾ ಹೇಳಿದ ಮೇಲೆ, ಗಡ್ಡೆ ಇನ್ನೂ ಕಟ್ಟಿರದ ಆ ವಾರ, ಅತಿಥಿಗಳನ್ನು ಯಂತ್ರದ ದೋಣಿಯಲ್ಲಿ ಕೂರಿಸಿ ತಾಂಕೊವ್ ತಾನೇ ಓಡಿಸಿಕೊಂಡು ಹೋಗಿದ್ದ. ಮಲಗಿದ್ದ ಗುಂಪಿನೊಳಗೆ ಗುಂಡು ಹೊಡೆದಿದ್ದರು. ಸತ್ತ ಕೆಂಪೆದೆಯವು ದಡಕ್ಕೆ ತೇಲಿ ಬಂದವು, ಅವುಗಳ ಹಿಂದೆಯೇ ಅರಣ್ಯ ಇಲಾಖೆಯ ತಪಾಸಣೆಯವರೂ ಬಂದರು.

"ಯಾರಾದರೂ ಒಬ್ಬರ ಹೆಸರು ಬೇಕಂತೆ," ಎಂದಿದ್ದ ತಾಂಕೊವ್, ತಪ್ಪೊಪ್ಪಿಗೆಯ ಕಾಗದ ಮುಂದಿಟ್ಟು. "ನನ್ನ ಹೆಸರು ಬಂದ್ರೆ ಬೇಟೆಮನೆ ಮುಚ್ಚುತ್ತೆ. ಹನ್ನೆರಡು ಮನೆಯ ಒಲೆ ಆರುತ್ತೆ. ನಿಂದಾದ್ರೆ ಒಂದು ಬಿಲ್ಲೆ. ವಸಂತಕ್ಕೆ ವಾಪಸ್ ಕೊಡಿಸ್ತೀನಿ."

ವೆಲಿಕಾ ಬಾಗಿಲ ಹತ್ತಿರ ನಿಂತಿದ್ದ ಮಿಂಚೋನ ಕಡೆ ನೋಡಿದ್ದಳು. ಅವನು ಕಿಟಕಿಯ ಕಡೆ ನೋಡಿದ್ದ.

"ಹಾಕಬೇಡ!" ಎಂದು ರುಸ್ಕಾ ಕಿರುಚಿದಳು. "ನೀನು ಹೋಗೇ ಇಲ್ಲ ಅಮ್ಮ!"

"ಹನ್ನೆರಡು ಮನೆ ಕಣೇ," ಎಂದು ವೆಲಿಕಾ ಸಹಿ ಹಾಕಿದಳು.

ಅದು ಈ ಊರಿನವರು ಮಾತ್ರ ಮಾಡುವ ತಪ್ಪು. ಯಜಮಾನನ ಒಲೆಯನ್ನು ತಮ್ಮ ಒಲೆಯೆಂದು ಎಣಿಸುವುದು, ಅದು ಆರದಿರಲಿ ಎಂದು ತಮ್ಮನ್ನೇ ಸೌದೆ ಮಾಡಿಕೊಳ್ಳುವುದು. ವಸಂತ ಎಂಟು ಸಲ ಬಂದು ಹೋಯಿತು. ಬಿಲ್ಲೆ ಬರಲಿಲ್ಲ. ಹೆಬ್ಬಾತುಗಳೂ ಎರಡು ಚಳಿಗಾಲ ಬರಲಿಲ್ಲ. ಆ ಎರಡು ವರ್ಷ ಹನ್ನೆರಡು ಮನೆಗಳೂ ತಣ್ಣಗೇ ಇದ್ದವು. ಮೂರನೆಯ ವರ್ಷ ಹಕ್ಕಿ ಮರಳಿದಾಗ ಬೇಟೆಮನೆ ಅವಳನ್ನು ಕರೆಯಿತು, ಬೆಳಗಿನ ಜಾವ ಹೊಲದಲ್ಲಿ ಮಲಗಿ ಕೂಗಲು, ಹಗಲು ಕೊಟ್ಟಿಗೆಯಲ್ಲಿ ಪುಕ್ಕ ಕೀಳಲು. ಅತಿಥಿಗಳು ಕೇಳಿದರೆ, 'ಅಡುಗೆಯವಳು, ಹಕ್ಕಿಯ ಕೂಗು ಅವಳಿಗೊಂದು ಹುಚ್ಚು,' ಎನ್ನುತ್ತಿದ್ದ ತಾಂಕೊವ್.

*

ಊಟಕ್ಕೆ ಎಲ್ಲರೂ ರುಸ್ಕಾಳ ಮನೆಗೇ ಬಂದರು. ಹುರುಳಿಕಾಯಿ ಬೀಜದ ಸಾರು, ಮೀನು, ಉಪ್ಪಿನಲ್ಲಿಟ್ಟ ಎಲೆಕೋಸು. ತಾಂಕೊವ್ ಮೇಜಿನ ತುದಿಯಲ್ಲಿ, ಸತ್ತವಳಿಗೆಂದು ಬಿಟ್ಟಿದ್ದ ಕುರ್ಚಿಯಲ್ಲಿ ಕೂತುಬಿಟ್ಟ. ಅವನು ಎದ್ದು, ಅವಳ ಪಾಲೆಂದು ನೆಲಕ್ಕೆ ನಾಲ್ಕು ಹನಿ ದ್ರಾಕ್ಷಾರಸ ಚೆಲ್ಲಿ, ಲೋಟ ಎತ್ತಿದ.

"ವೆಲಿಕಾ ನಮ್ಮ ಬೇಟೆಮನೆಯ ತಾಯಿ ಇದ್ದ ಹಾಗೆ. ನಾಳೆಯ ಬೇಟೆ ಅವಳ ಹೆಸರಲ್ಲಿ. ನಮ್ಮ ರುಸ್ಕಾ ಅತಿಥಿಗಳನ್ನ ಒಳನೀರಿಗೆ ಕರ್ಕೊಂಡು ಹೋಗ್ತಾಳೆ."

ರುಸ್ಕಾಳ ಅಂಗಿಯ ಒಳಜೇಬಿನಲ್ಲಿ ಬಿಲ್ಲೆ ಎದೆಗೆ ಒತ್ತುತ್ತಿತ್ತು. ಅದಕ್ಕಾಗಿ ಅವಳು ಆರು ವರ್ಷ ಕಾದಿದ್ದಳು. ಅವಳು ಸಾರಿನ ಪಾತ್ರೆ ಕೆಳಗಿಟ್ಟು ಮಿಂಚೋನ ಕಡೆ ತಿರುಗಿದಳು.

"ಮಾವ, ಆವತ್ತು ದೋಣಿ ಓಡಿಸಿದ್ದು ಯಾರು?"

ಮಿಂಚೋ ರೊಟ್ಟಿಯ ಚೂರನ್ನು ಸಾರಿನಲ್ಲಿ ಅದ್ದಿ ಹಿಡಿದುಕೊಂಡೇ ಇದ್ದ. ರೊಟ್ಟಿ ನೆನೆದು ಮುರಿದು ತಟ್ಟೆಗೆ ಬಿತ್ತು.

"ಇವರು," ಎಂದ. "ಹಗ್ಗ ಬಿಚ್ಚಿಕೊಟ್ಟವನು ನಾನು."

"ಕುಡಿದಿದ್ದೀಯ ಮಿಂಚೋ," ಎಂದ ತಾಂಕೊವ್.

"ಎಂಟು ವರ್ಷ ಕುಡಿದೆ ಯಜಮಾನ್ರೇ. ಇವತ್ತು ಇನ್ನೂ ಲೋಟ ಮುಟ್ಟಿಲ್ಲ. ತೀನ್ಕಾನ ಕೇಳಿ."

"ಮುಟ್ಟಿಲ್ಲ," ಎಂದಳು ತೀನ್ಕಾ. "ನಾನೇ ಆಶ್ಚರ್ಯಪಟ್ಟೆ."

ತಾಂಕೊವ್ ಲೋಟವನ್ನು ಮೇಜಿಗೆ ಕುಕ್ಕಿದ. ಅವನ ಮೆಲುದನಿ ಹೋಗಿತ್ತು. "ರುಸ್ಕಾ, ಒಂದೇ ಮಾತು. ಬೆಳಿಗ್ಗೆ ಐದಕ್ಕೆ ಬರ್ತೀಯೋ, ಇಲ್ಲಾ ಬಿಲ್ಲೆ ಈ ಮೇಜಿನ ಮೇಲೆ ಇಡ್ತೀಯೋ?"

"ಕೆರೆಗೂ ಬರಲ್ಲ. ಬಿಲ್ಲೆನೂ ಇಡಲ್ಲ," ಎಂದಳು ರುಸ್ಕಾ. "ಕಿತ್ಕೋಬೇಕಾದ್ರೆ ತಪಾಸಣೆಯವರಿಗೆ ಕಾಗದ ಬರೀರಿ. ಯಾಕೆ ಕಿತ್ಕೊಂಡ್ರಿ ಅಂತಲೂ ಬರೀರಿ. ನಾನೂ ಬರೀತೀನಿ, ಅಮ್ಮನ ಕಾಗದದಿಂದ ಶುರು ಮಾಡಿ. ಮಿಂಚೋ ಮಾವನೂ ಬರೀತಾನೆ."

"ನನ್ನ ಅಕ್ಷರ ಕೋಳಿಕಾಲು," ಎಂದ ಮಿಂಚೋ. "ನಾನು ಹೇಳ್ತೀನಿ, ನೀನು ಬರಿ. ಸಹಿ ಮಾತ್ರ ನಂದೇ."

"ಹೊಲಕ್ಕೆ ಕರ್ಕೊಂಡು ಹೋಗ್ತೀವಿ ಯಜಮಾನ್ರೇ, ಹಿಮ ಕರಗ್ಲಿ," ಎಂದ ಬಿಳಿಯಂಗಿಯ ಇನ್ನೊಬ್ಬ, ತಟ್ಟೆಯಿಂದ ತಲೆಯೆತ್ತದೆ. "ಅಲ್ಲೀವರೆಗೂ ಅತಿಥಿಗಳಿಗೆ ಇಸ್ಪೀಟು ಕೊಡಿ."

ತಾಂಕೊವ್ ಮೇಜು ಸುತ್ತಿಕೊಂಡು ಮಿಂಚೋನ ಬೆನ್ನ ಹಿಂದೆ ಬಂದು ನಿಂತ. "ಏಳು. ಆ ದಾರಿ ಅರ್ಧ ನಿಂಗೂ ಗೊತ್ತು. ಹೋಗಿ ಜಾರುಬಂಡಿ ಸಿದ್ಧ ಮಾಡು. ಈಗಲೇ."

ಮಿಂಚೋ ಎದ್ದ. ಅವನು ಬಾಗಿಲ ತನಕ ಹೋಗಲಿಲ್ಲ. ಒಲೆಯ ಪಕ್ಕದ ಮಣೆಯ ಮೇಲೆ ಕೂತು, ನರಳುತ್ತಾ ಬಗ್ಗಿ, ಬೇಟೆ ಶುರುವಾದ ನವೆಂಬರಿನಿಂದ ಬೆಳಕಿರುವಾಗ ಬಿಚ್ಚದ ಬೂಟುಗಳ ದಾರದ ಗಂಟುಗಳನ್ನು ಒಂದೊಂದಾಗಿ ಸಡಿಲಿಸತೊಡಗಿದ. ಬಹಳ ಹೊತ್ತು ಹಿಡಿಯಿತು. ಯಾರೂ ಅವಸರಿಸಲಿಲ್ಲ. ಕೊನೆಗೆ ಎರಡೂ ಬೂಟನ್ನು ಕಳಚಿ, ಒಣಗಲೆಂದು ಅವುಗಳ ನಾಲಗೆ ಹೊರಗೆಳೆದು, ಒಲೆಯ ಮುಂದೆ ಜೋಡಿಸಿಟ್ಟ. ಎರಡು ಬಣ್ಣದ ಕಾಲುಚೀಲದಲ್ಲಿ ಮರಳಿ ಬಂದು ತನ್ನ ತಟ್ಟೆಯನ್ನು ಮುಂದಕ್ಕೆ ತಳ್ಳಿದ.

"ತೀನ್ಕಾ, ಇನ್ನೊಂದು ಸೌಟು ಹಾಕು."

ಬೂಟುಗಳ ಹಿಮ ಕರಗಿ ಸಣ್ಣ ಗೆರೆಯಾಗಿ ಹಲಗೆಯ ನೆಲದ ಮೇಲೆ ಇಳಿಯಿತು. ತಾಂಕೊವ್ ನಿಂತಲ್ಲಿಂದ ಒಂದು ಹೆಜ್ಜೆ ಹಿಂದೆ ಸರಿದ.