ಸೋಮವಾರದ ಕನಸು

ಖಂಡಪ್ಪ ತನ್ನ ಕನಸನ್ನು ಕನ್ನಡದಲ್ಲಿ ಹೇಳಬೇಕು, ನಾನು ಅದನ್ನು ಇಂಗ್ಲಿಷಿನಲ್ಲಿ ಡಾಕ್ಟರಿಗೆ ಮುಟ್ಟಿಸಬೇಕು. ಮುಂಬಯಿಯ ಕುರ್ಲಾದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಗುಮಾಸ್ತೆಯಾಗಿದ್ದ ನನಗೆ ೧೯೭೨ರಲ್ಲಿ ಗಂಟುಬಿದ್ದ ಹೆಚ್ಚಿನ ಕೆಲಸ ಇದು.

ಖಂಡಪ್ಪ ವಿಜಾಪುರದ ಕಡೆಯ, ಗಾರೆ ಕೆಲಸದ ಗೌಂಡಿ. ತಮ್ಮ ರಾಮಪ್ಪ ಕಟ್ಟಡದ ಸಾರವೆಯಿಂದ ಬಿದ್ದು ಸತ್ತ ದಿನದಿಂದ ಅವನ ಬಲಗೈ ಏಳುತ್ತಿರಲಿಲ್ಲ. ಎಲುಬು, ನರ ಎಲ್ಲ ನೆಟ್ಟಗಿದ್ದವು. ಕೈ ಮಾತ್ರ ಅವನದಲ್ಲವೆಂಬಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಕರಣೆ ಹಿಡಿಯದ ಗೌಂಡಿಗೆ ಮುಂಬಯಿಯಲ್ಲಿ ಅನ್ನ ಎಲ್ಲಿದೆ? ಹೆಂಡತಿ ಸುಂದ್ರವ್ವ ನಾಲ್ಕು ಮನೆ ಪಾತ್ರೆ ತಿಕ್ಕಿ, ಬಿಡುವು ಮಾಡಿಕೊಂಡು ಅವನನ್ನು ಕರೆತರುತ್ತಿದ್ದಳು.

ಡಾಕ್ಟರ್ ದೂರದೇಶದಲ್ಲಿ ಕನಸಿನ ವಿದ್ಯೆ ಕಲಿತು ಬಂದ ಪಾರ್ಸಿ ಮುದುಕರು. "ನನ್ನದಲ್ಲ ಎಂದು ನಾವು ಹೊರಗಟ್ಟಿದ್ದೆಲ್ಲ ಬೆನ್ನ ಹಿಂದೆ ನೆರಳಾಗಿ ನಿಲ್ಲುತ್ತದೆ. ಅದನ್ನು ಹೊಸ್ತಿಲಾಚೆ ಬಿಟ್ಟು ದೇವರ ಮುಂದೆ ಹೋದರೆ ಅರ್ಧ ಮನುಷ್ಯ ಮಾತ್ರ ಹೋದಂತೆ" ಎನ್ನುತ್ತಿದ್ದರು. ನನಗೆ ಈ ಮಾತು ಹಿಡಿಸಲಿಲ್ಲ. ನಾನು ಪೂರ್ತಿಯೇ ಹೋಗುತ್ತೇನೆಂಬ ಜಂಬ. ಆಂಟಾಪ್ ಹಿಲ್‌ನ ನಮ್ಮ ಕ್ವಾರ್ಟರ್ಸಿನಲ್ಲಿ ಯಾರನ್ನು ಕೇಳಿದರೂ, ಹಾಸಿಗೆ ಹಿಡಿದ ಅತ್ತೆಯನ್ನು ಮೂರು ವರ್ಷದಿಂದ ಒಂದು ಕಟುಮಾತಿಲ್ಲದೆ ನೋಡಿಕೊಳ್ಳುವ ವನಮಾಲಾ, ಅಂದರೆ ನಾನು, ಸಾಕ್ಷಾತ್ ದೇವತೆ ಎನ್ನುತ್ತಿದ್ದರು.

ಕನಸು ಹೇಳುವ ದಿನ ಸೋಮವಾರ. ನಾನು ಹದಿನಾರು ಸೋಮವಾರದ ವ್ರತ ಹಿಡಿದಿದ್ದೆ. ಉಪವಾಸದ ಬಾಯಲ್ಲಿ ಹೊಲಸು ಮಾತು ಬರಕೂಡದು.

ಖಂಡಪ್ಪನ ಕನಸು ಪ್ರತಿ ವಾರವೂ ಒಂದೇ. ರಾಮಪ್ಪ ಅವರ ಮನೆದೇವರು ಮೈಲಾರಲಿಂಗನಾಗಿ, ಹಣೆ ತುಂಬ ಭಂಡಾರದ ಅರಿಶಿನ ಬಳಿದುಕೊಂಡು ಬಂದು ಕೈ ಚಾಚುತ್ತಾನೆ. "ನಾ ಅವನ ಎದಿಗೆ ಒದ್ದೆನ್ರಿ ಬಾಯಾರ. ಸಾಯಿ ಮಗನ ಅಂತ ಒದ್ದೆ."

ನಾನು ಡಾಕ್ಟರಿಗೆ ಹೇಳಿದ್ದು: ದೇವರು ಬಂದ, ಇವನು ಪಾದ ಹಿಡಿದ.

ಅದು ಸುಳ್ಳು ಎಂದು ನನಗೆ ಅನ್ನಿಸಲೇ ಇಲ್ಲ. ಅಕ್ಕಿಯ ಕಲ್ಲು ಆರಿಸಿದಂತೆ ಆರಿಸಿ ಕೊಟ್ಟಿದ್ದೆ. ಮೂರು ಸೋಮವಾರ ಹೀಗೇ ನಡೆಯಿತು.

ನಾಲ್ಕನೆಯ ಸಲ ಡಾಕ್ಟರ್ ಅವನ ಕೇಸಿನ ಕಾಗದ ಮಡಿಸಿದರು. ಇಷ್ಟು ನಿರ್ಮಲ ಕನಸು ಕಾಣುವವನಿಗೆ ತಮ್ಮಿಂದ ಆಗುವುದೇನೂ ಇಲ್ಲ, ಊರಿಗೆ ಹೋಗಲಿ ಎಂದರು. ಸುಂದ್ರವ್ವನ ಕಡೆ ತಿರುಗಿ ಹರಕುಮುರುಕು ಹಿಂದಿಯಲ್ಲಿ, "ನಿನ್ನ ಗಂಡ ಪುಣ್ಯವಂತ, ಕನಸಿನಲ್ಲೂ ದೇವರ ಪಾದ ಹಿಡಿಯುತ್ತಾನೆ" ಎಂದು ಸಮಾಧಾನ ಹೇಳಿದರು.

ಸುಂದ್ರವ್ವ ನನ್ನನ್ನೇ ನೋಡಿದಳು. "ಪಾದಾ ಎಲ್ಲಿ ಹಿಡದಾನ್ರಿ ಬಾಯಾರ? ಒದ್ದೆ ಅಂತ ನನ್ನ ಮುಂದ ಅತ್ತಾನ. ಸಾಹೇಬ್ರಿಗೆ ನೀವು ಏನ ಹೇಳಿದ್ರಿ?"

ನನ್ನ ಬಾಯಿಯ ಮಡಿಗಾಗಿ ಒಬ್ಬ ಗೌಂಡಿಯ ಕೈಯನ್ನೇ ಕಳೆಯಹೊರಟಿದ್ದೆ. ವ್ರತ ಮುರಿದರೆ ಮುರಿಯಲಿ ಎಂದು ಎಲ್ಲವನ್ನೂ ಇದ್ದದ್ದು ಇದ್ದಂತೆ, ಬೈಗುಳ ಸಮೇತ ಹೇಳಿದೆ. "ನಾನು ಒದ್ದೆ, ಸಾಯಿ ಎಂದೆ" ಎಂಬುದು ನನ್ನ ಬಾಯಿಂದ ಬಂದಾಗ ಕಣ್ಣೆದುರು ರಾಮಪ್ಪ ಇರಲಿಲ್ಲ, ಅತ್ತೆಯಿದ್ದರು. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು.

ಡಾಕ್ಟರ್ ನನ್ನನ್ನು ಬಯ್ಯಲಿಲ್ಲ. ರಾಮಪ್ಪ ಸತ್ತ ದಿನ ಏನಾಯಿತೆಂದು ಖಂಡಪ್ಪನನ್ನು ಕೇಳು ಎಂದರು.

"ತಮ್ಮನ್ನ ಮೇಸ್ತ್ರಿ ಮಾಡಿದ್ರು, ನನಗ ಹೊಟ್ಟಿ ಉರೀತು," ಎಂದ ಖಂಡಪ್ಪ. "ಮುಂಜಾನೆ ಸಾಯಿ ಅಂದೆ. ಸಂಜೀಕ ಹಲಗಿ ಜಾರಿತು. ಅಂವ ಕೈ ಚಾಚಿದನ್ರಿ... ನಾ ಕೈ ಕೊಡಾಕ ತಡಾ ಮಾಡಿದೆ."

ಹೇಳಿ ಗೋಳೋ ಎಂದು ಅತ್ತ. ಕಣ್ಣೊರೆಸಿಕೊಳ್ಳಲು ಬಲಗೈ ಎದೆಯ ತನಕ ಎದ್ದು, ಮತ್ತೆ ಬಿತ್ತು. ಎದ್ದದ್ದನ್ನು ಎಲ್ಲರೂ ನೋಡಿದೆವು. ಡಾಕ್ಟರ್ ಮಡಿಸಿದ ಕಾಗದ ಬಿಡಿಸಿ ಮುಂದಿನ ಸೋಮವಾರದ ತಾರೀಖು ಬರೆದರು.

ಸಂಜೆ ಮನೆಗೆ ಬಂದು, ಬಿಸಿನೀರಿನ ಬಟ್ಟೆಯಿಂದ ಅತ್ತೆಯ ಬೆನ್ನು ಒರೆಸುತ್ತಿದ್ದವಳು ಕೈ ನಿಲ್ಲಿಸಿ ಹೇಳಿಬಿಟ್ಟೆ: "ಅಮ್ಮಾ, ನೀವು ಸಾಯಬಾರದೇ ಅಂತ ಎಷ್ಟೋ ಸಲ ಅಂದ್ಕೊಂಡಿದೀನಿ."

ಅವರು ಗೋಡೆಯ ಕಡೆ ಮುಖ ಮಾಡಿಯೇ ಮಲಗಿದ್ದರು. ಅಳುತ್ತಾರೇನೋ ಎಂದು ಹೆದರಿದೆ.

"ಗೊತ್ತು ಕಣೇ," ಎಂದರು. "ಮೂರು ವರ್ಷದಿಂದ ಒರೆಸ್ತಿದೀಯಲ್ಲ, ತಳ ಹಿಡಿದ ಪಾತ್ರೆ ತಿಕ್ಕಿದ ಹಾಗೆ. ಬೆನ್ನಿಗೆ ಗೊತ್ತಾಗಲ್ವೇ?"

ಆಮೇಲೆ, "ಈಗ ಮೆಲ್ಲಗೆ ಒರೆಸು" ಎಂದರು.