ಕಾಫಿ ಕಚ್ಚುವ ಹಲ್ಲು

ನನ್ನ ಗಂಡ ದೇರಪ್ಪನವರಿಗೆ ಯಾವ ಯಂತ್ರದ ಮೇಲೂ ನಂಬಿಕೆಯಿಲ್ಲ, ತಮ್ಮ ಹಲ್ಲಿನ ಮೇಲೆ ಮಾತ್ರ ಇದೆ. ಚೇರಂಬಾಣೆಯ ನಮ್ಮ ಕಣದಲ್ಲಿ ಹರಡಿದ ಕಾಫಿ ಒಣಗಿತೋ ಇಲ್ಲವೋ ತಿಳಿಯಬೇಕಾದರೆ ಒಂದು ಹಣ್ಣಿನ ಸಿಪ್ಪೆ ಬಿಡಿಸಿ, ಬೀಜವನ್ನು ದವಡೆಗೆ ಹಾಕಿ ಕಚ್ಚುತ್ತಾರೆ. ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ. ಟಕ್ಕೆಂದು ಒಡೆದರೆ ಚೀಲ ತುಂಬಬಹುದು. ಅವರ ಅಪ್ಪನೂ ಹೀಗೆಯೇ ಕಚ್ಚುತ್ತಿದ್ದರು. ಕಚ್ಚಿ ಕಚ್ಚಿ ಹಲ್ಲೆಲ್ಲ ಹೋಗಿ ಕೊನೆಗಾಲದಲ್ಲಿ ಗಂಜಿಯೇ ಗತಿಯಾಯಿತು. ಮನೆಯಲ್ಲಿ ಹಂದಿಮಾಂಸ ಬೇಯುವ ದಿನ ಮಾವ ಆ ಪರಿಮಳ ತಡೆಯಲಾರದೆ ಎದ್ದು ಹೊರಗೆ ಹೋಗಿ ಕೂರುತ್ತಿದ್ದರು. ಅದನ್ನು ಕಂಡಾದರೂ ಮಗ ಬುದ್ಧಿ ಕಲಿಯಬೇಕಿತ್ತು. ಕಲಿಯಲಿಲ್ಲ.

ಈ ಸಲ ಕಾಫಿ ಕುಯ್ಲಿನ ಹೊತ್ತಿಗೆ ಇವರ ಎಡಗಡೆಯ ದವಡೆ ಹಲ್ಲಿನಲ್ಲಿ ಕಪ್ಪು ತೂತು ಬಿತ್ತು. ಬಲಗಡೆಯ ಹಲ್ಲನ್ನು ಮೊದಲೇ ಕೀಳಿಸಿ ಆಗಿತ್ತು. ಇದೂ ಹೋದರೆ ಅಪ್ಪನ ಹಾಗೆ ಗಂಜಿ ಕುಡಿಯುವ ಕಾಲ ಬರುತ್ತದೆಂದು ಇವರಿಗೆ ಒಳಗೊಳಗೇ ಭಯ. ಲವಂಗ ಇಟ್ಟುಕೊಂಡರು, ಉಪ್ಪುನೀರು ಮುಕ್ಕಳಿಸಿದರು, ಸಾಲದ್ದಕ್ಕೆ ನನ್ನ ಮೇಲೆ ರೇಗಿದರು. ಡಾಕ್ಟರ ಹತ್ತಿರ ಮಾತ್ರ ಹೋಗಲಿಲ್ಲ, ಹೋದರೆ ಕಿತ್ತೇ ಕಳಿಸುತ್ತಾರಂತೆ. ಕೊನೆಗೆ ನಾನೇ ಹಟ ಹಿಡಿದು ಮಡಿಕೇರಿಗೆ ಹೊರಡಿಸಿದೆ.

ಹಲ್ಲಿನ ಡಾಕ್ಟರ್ ಮೋಕ್ಷಿತಾ ಶನಿವಾರಸಂತೆ ಕಡೆಯವಳು, ನಮ್ಮ ಮಗಳ ವಯಸ್ಸಿನ ಹುಡುಗಿ. ಫೋಟೋ ತೆಗೆದು ನೋಡಿ, ಹುಳುಕು ಇನ್ನೂ ನರಕ್ಕೆ ಮುಟ್ಟಿಲ್ಲ, ಕೀಳುವುದು ಬೇಡ, ತುಂಬಿಸಿದರೆ ಸಾಕು ಎಂದಳು. ನನಗೆ ಆ ಹುಡುಗಿಯ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು ಎನಿಸಿತು. ತುಂಬಿಸುವುದು ಬೆಳ್ಳಿ ಬಣ್ಣದ್ದಲ್ಲ, ಹಲ್ಲಿನ ಬಣ್ಣದ್ದೇ. ಅದಕ್ಕಾಗಿ ಮಾದರಿ ಹಲ್ಲುಗಳ ಸಾಲೊಂದನ್ನು ಇವರ ತುಟಿಯ ಹತ್ತಿರ ಹಿಡಿದಳು. ಬೆಳ್ಳಗಿನದು ಒಂದೂ ಹೊಂದಲಿಲ್ಲ. ಬೆಲ್ಲದ ಕಾಫಿ ಕುಡಿದು ಕುಡಿದು ಬಂದ ಬಣ್ಣಕ್ಕೆ ಸಾಲಿನ ತುದಿಯ ಕಂದು ಹಲ್ಲೇ ಸರಿಹೋಯಿತು. ನಾನು ನಕ್ಕೆ, ಇವರು ನನ್ನತ್ತ ದೊಡ್ಡ ಕಣ್ಣು ಬಿಟ್ಟರು. ಹುಳುಕನ್ನು ಕೊರೆದು ತೆಗೆದು, ಹಿಟ್ಟಿನಂಥ ಮೆತ್ತನೆಯ ಪದಾರ್ಥವನ್ನು ಪದರಪದರವಾಗಿ ತುಂಬಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದಳು. ತೂತು ಎಲ್ಲಿತ್ತೆಂದು ಹುಡುಕಿದರೂ ಕಾಣದು. ಗಟ್ಟಿ ವಸ್ತು ಕಚ್ಚಬೇಡಿ, ದಿನವಿಡೀ ಸಿಹಿ ಕಾಫಿ ಗುಟುಕರಿಸುತ್ತಾ ಕೂರಬೇಡಿ, ಮಲಗುವ ಮುಂಚೆಯೂ ಹಲ್ಲುಜ್ಜಿ ಎಂದು ಬುದ್ಧಿ ಹೇಳಿದಳು. ಇವರು ಎಲ್ಲದಕ್ಕೂ ತಲೆಯಾಡಿಸಿದರು.

ತಲೆಯಾಡಿಸಿದ ಮಹಾನುಭಾವರು ಮರುದಿನ ಬೆಳಿಗ್ಗೆ ಕಣಕ್ಕೆ ಇಳಿದವರೇ ಬೀಜವೊಂದನ್ನು ಅದೇ ಹಲ್ಲಿಗೆ ಹಾಕಿ ಕಚ್ಚಿದರು. ಕೈ ತನ್ನಷ್ಟಕ್ಕೇ ಬಾಯಿಗೆ ಹೋಯಿತಂತೆ. ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಅಕ್ಕಿರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುವುದು ಕಂಡಾಗ. ಕೇಳಿದರೆ, "ನಂಗೆ ಎಂಥದೂ ಇಲ್ಲೆ" ಎಂದರು. ಬಲವಂತವಾಗಿ ಬಾಯಿ ತೆರೆಸಿ ಟಾರ್ಚ್ ಹಾಕಿದೆ. ತುಂಬಿಸಿದ್ದರ ಒಂದು ಅಂಚು ಹಾರಿಹೋಗಿತ್ತು.

ಬಾಯಿಗೆ ಬಂದಂತೆ ಬೈದೆ. ಇವರು ಸಣ್ಣ ದನಿಯಲ್ಲಿ, "ಅಷ್ಟು ಚೆಂದಲಿ ಮಾಡಿಕೊಟ್ಟ ಗೂಡೆಗೆ ಯಾವ ಮೋರೆ ತೋರ್ಸುದು? ಇನ್ ಕೀಳುದೇ ದಾರಿ" ಎಂದರು. ಆ ಹುಡುಗಿಗೆ ಮುಖ ತೋರಿಸುವ ನಾಚಿಕೆಗೆ ಹಲ್ಲನ್ನೇ ಕಳೆದುಕೊಳ್ಳಲು ಹೊರಟವರನ್ನು ಕಂಡು ನನ್ನ ಸಿಟ್ಟು ಇಳಿದುಹೋಯಿತು. ಮೊದಲ ಬಸ್ಸಿಗೇ ಮತ್ತೆ ಮಡಿಕೇರಿಗೆ ಹೋದೆವು.

ಮೋಕ್ಷಿತಾ ಒಂದು ಮಾತೂ ಗದರಿಸಲಿಲ್ಲ. ಮುರಿದ ಜಾಗವನ್ನು ಒರಟು ಮಾಡಿ, ಇದ್ದದ್ದರ ಮೇಲೆಯೇ ಹೊಸದನ್ನು ಸೇರಿಸಿ ನೀಲಿ ಬೆಳಕು ಹಿಡಿದಳು. ಏನು ಕಚ್ಚಿದಿರಿ ಎಂದು ಕೇಳಿದಾಗ ಇವರು ಜೇಬಿನಿಂದ ಒಂದು ಕಾಫಿ ಬೀಜ ತೆಗೆದು ತೋರಿಸಿದರು. ಅವಳಿಗೆ ನಗು ತಡೆಯಲಾಗಲಿಲ್ಲ.

"ಹಲ್ಲು ಉಳ್ಕೊಂಡಿದೆ ಅಂಕಲ್. ಬೀಜನ ಕಲ್ಲಲ್ಲಿ ಜಜ್ಜಿ ನೋಡಿ. ಇದು ಊಟಕ್ಕಿರ್ಲಿ."

ಇವರು ಕುರ್ಚಿಯಿಂದ ಇಳಿದು ಅವಳಿಗೆ ಕೈಮುಗಿದರು. ಮದುವೆಯಾದಾಗಿನಿಂದ ಇವರು ದೇವರ ಮುಂದಲ್ಲದೆ ಬೇರೆಲ್ಲೂ ಕೈಮುಗಿದದ್ದನ್ನು ನಾನು ಕಂಡಿರಲಿಲ್ಲ. ಇನ್ನು ಹೊರಡೋಣವೆಂದು ನಾನು ಬ್ಯಾಗು ತೆಗೆದುಕೊಂಡೆ. ಇವರು ಕದಲಲಿಲ್ಲ.

"ಡಾಕ್ಟ್ರೇ, ಇವಳನ್ನೂ ಕೂರ್ಸಿ ನೋಡಿ. ಹೋದ ಮಳೆಗಾಲದಿಂದ ಬಲಗಡೆ ಜಗಿಯೋದಿಲ್ಲ ಇವಳು. ಕೇಳಿದ್ರೆ ನನ್ ಮೇಲೇ ರೇಗ್ತಾಳೆ ಅಂತ ಸುಮ್ನಿದ್ದೆ."

ತಣ್ಣೀರು ತಾಗಿದರೆ ಆ ಕಡೆ ಜುಮ್ಮೆನ್ನುತ್ತಿದ್ದುದು ನಿಜ. ಇವರ ಹಲ್ಲಿನ ಗಲಾಟೆಯಲ್ಲಿ ನನ್ನದನ್ನು ಯಾರಿಗೂ ಹೇಳಿರಲಿಲ್ಲ. ತಟ್ಟೆಯಿಂದ ತಲೆ ಎತ್ತದೆ ಉಣ್ಣುವ ಮನುಷ್ಯ ನಾನು ಯಾವ ಕಡೆ ಜಗಿಯುತ್ತೇನೆಂದು ನೋಡುತ್ತಿದ್ದರೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಮೋಕ್ಷಿತಾ ನನ್ನನ್ನು ಕೂರಿಸಿ ನೋಡಿದಳು. ಸಣ್ಣ ಹುಳುಕಂತೆ, ಸೂಜಿಯೂ ಬೇಡವಂತೆ, ಬೇಗ ಬಂದದ್ದು ಒಳ್ಳೆಯದಾಯಿತಂತೆ. ಕೆಲಸದ ನಡುವೆ ನನ್ನ ಕಣ್ಣೀರು ಕಿವಿಯ ಕಡೆ ಇಳಿದದ್ದು ಕಂಡು, ನೋವಾಯಿತೇ ಎಂದು ಕೈ ನಿಲ್ಲಿಸಿದಳು. ಇಲ್ಲವೆಂದು ತಲೆಯಾಡಿಸಿದೆ. ಇಬ್ಬರಿಗೂ ದೊಡ್ಡ ಉಪಕಾರವಾಯಿತು ಎಂದು ಹೇಳಬೇಕಿತ್ತು, ಆದರೆ ಬಾಯಿ ತುಂಬ ಹತ್ತಿ. ಕುರ್ಚಿಯ ಬದಿಗೆ ಕೈ ಚಾಚಿ, ಸಿಕ್ಕಿದ ಇವರ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.