ಹತ್ತು ಎಣಿಸುವಷ್ಟು ಹೊತ್ತು

ಹೆರಿಗೆಯಾದ ಐದನೆಯ ತಿಂಗಳಿಗೆ ಕಂಡಕ್ಟರಮ್ಮ ಮತ್ತೆ ಬಸ್ಸು ಹತ್ತಿದಳು. ಮೂರನೆಯ ದಿನವೇ ರಜೆ ಬರೆದುಕೊಟ್ಟು ಇಳಿದಳು. ಸೀಟಿ ಊದಿದರೆ ಸಾಕು, ಒಳಬಟ್ಟೆ ಒದ್ದೆ. ಸೀನಿದರಂತೂ ಕೇಳುವುದೇ ಬೇಡ. ಯಾರ ಮುಂದೆ ಹೇಳಿಕೊಳ್ಳುವುದು? ಬಟ್ಟೆ ನೆನೆಹಾಕುತ್ತಿದ್ದ ಅತ್ತೆಯ ಕಣ್ಣಿಗೆ ಮಾತ್ರ ಮಣ್ಣೆರಚಲು ಆಗಲಿಲ್ಲ.

"ನನಗೂ ಇತ್ತು ಕಣೇ," ಅಂದರು ಅತ್ತೆ. "ಮೂವತ್ತು ವರ್ಷ ಕಾಲು ಹೆಣೆದುಕೊಂಡೇ ನಕ್ಕಿದ್ದೀನಿ. ನಿನಗ್ಯಾಕೆ ಆ ಪಾಡು? ನಡಿ ಆಸ್ಪತ್ರೆಗೆ."

ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿದ್ದ ಫಿಸಿಯೋ ಮೇಡಂ ಐವತ್ತರ ಆಸುಪಾಸಿನ, ಮೆಲುದನಿಯ ಹೆಂಗಸು. ಪ್ಲಾಸ್ಟಿಕ್ಕಿನ ಸೊಂಟದ ಮೂಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ತಳದಲ್ಲಿ ಜೋಲಿಯಂತೆ ಹರಡಿದ್ದ ಸ್ನಾಯುಗಳನ್ನು ತೋರಿಸಿದರು.

"ಮೂತ್ರ ತಡ್ಕೋತೀರಲ್ಲ, ಹಾಗೆ ಒಳಗೆ, ಮೇಲಕ್ಕೆ ಎಳ್ಕೊಳ್ಳಿ. ಹತ್ತು ಎಣಿಸೋವರೆಗೆ ಹಿಡೀರಿ, ಆಮೇಲೆ ಬಿಡಿ. ಉಸಿರು ಮಾತ್ರ ಕಟ್ಟಬೇಡಿ."

ಮರುದಿನ ಬೆಳಗ್ಗೆ ಚಾಪೆಯ ಮೇಲೆ ಮಲಗಿ, ಮಂಡಿ ಮಡಿಸಿ ಶುರುಮಾಡಿದಳು. ಪಕ್ಕದಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಒಂದು, ಎರಡು, ಮೂರು... ಕೋಣೆಯಲ್ಲಿ ಏನೋ ನಿಂತುಹೋದಂತಾಯಿತು. ಅದೇನೆಂದು ಹೊಳೆದದ್ದು ಏಳಕ್ಕೆ ಬಂದಾಗ. ಮಗುವಿನ ಉಸಿರು. ಗಾಬರಿಯಲ್ಲಿ ಹಿಡಿತ ತಪ್ಪಿತು. ಆ ಕ್ಷಣವೇ ಮಗು ಉಸಿರೆಳೆದುಕೊಂಡಿತು.

ಮತ್ತೆ ಹಿಡಿದು ನೋಡಿದಳು. ಪುಟ್ಟ ಎದೆ ನಿಂತಿತು. ಬಿಟ್ಟಳು, ಎದೆ ಏರಿತು. ಮಗುವಿನ ಮುಖದಲ್ಲಿ ಚೂರೂ ಸಂಕಟವಿರಲಿಲ್ಲ. ಅದನ್ನು ಕಂಡೇ ಅವಳು ಹೆದರಿ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೊರಟಳು.

ಮಕ್ಕಳ ಡಾಕ್ಟರು ಎದೆಗೆ ಸ್ಟೆತಾಸ್ಕೋಪಿಟ್ಟು, ಎಲ್ಲ ಚೆನ್ನಾಗಿದೆ ಎಂದು ಕಳಿಸಿದರು. "ಬಾಣಂತಿ ಮನಸ್ಸು, ಇಲ್ಲದ್ದೆಲ್ಲ ಕಾಣುತ್ತೆ," ಎನ್ನುತ್ತ ಅತ್ತೆ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಕೂತರು. ಸೊಸೆ ಹಿಡಿದು ಐದು ಎಣಿಸುವಷ್ಟರಲ್ಲಿ ಅವಳ ಭುಜ ಹಿಡಿದು ಅಲುಗಾಡಿಸಿದರು. "ಬಿಡೇ! ಸಾಕು, ಬಿಡೇ!"

ಮಗುವನ್ನೆತ್ತಿಕೊಂಡು ಇಬ್ಬರೂ ಫಿಸಿಯೋ ಮೇಡಂ ಬಳಿಗೆ ಓಡಿದರು. ಮೇಡಂ ನಗಲಿಲ್ಲ. ಎದ್ದು ಬಾಗಿಲು ಹಾಕಿ, ಕುರ್ಚಿಯಲ್ಲಿ ನೆಟ್ಟಗೆ ಕೂತು ಕಣ್ಣು ಮುಚ್ಚಿದರು. ಒಳಗೆ ಹಿಡಿದದ್ದು ಹೊರನೋಟಕ್ಕೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಮೇಜಿನ ಮೇಲಿದ್ದ ಫೋನು ಹೊಡೆದುಕೊಂಡಿತು. ಮೇಡಂ ಎತ್ತಿದೊಡನೆ ಏದುಸಿರು ಬಿಡುತ್ತಿದ್ದ ಹುಡುಗಿಯ ದನಿ ಎಲ್ಲರಿಗೂ ಕೇಳಿಸಿತು.

"ಅಮ್ಮಾ, ಕ್ಲಾಸಲ್ಲಿದ್ದೆ. ಯಾಕೆ ಹಿಡಿದೆ? ಎಷ್ಟು ಸಲ ಹೇಳೋದು?"

"ತಪ್ಪಾಯ್ತು ಕಂದಾ." ಮೇಡಂ ಫೋನಿಟ್ಟರು. "ಮಗಳು. ಹತ್ತೊಂಬತ್ತು ವರ್ಷ. ರೈಲಲ್ಲಿ ಎರಡು ದಿನದ ದೂರ."

ಅತ್ತೆ ಮಗುವನ್ನು ಇನ್ನಷ್ಟು ಅವುಚಿಕೊಂಡರು.

ಮೇಡಂ ಕಂಡಕ್ಟರಮ್ಮನನ್ನು ಹಾಸಿಗೆಯ ಮೇಲೆ ಮಲಗಿಸಿ, ಸ್ನಾಯುವಿನ ಬಿಗಿ ಅಳೆಯುವ, ಬೆರಳಿನಷ್ಟು ದಪ್ಪದ ಸೆನ್ಸರನ್ನು ಒಳಗಿಡಿಸಿ, ಅದರ ತಂತಿಯನ್ನು ಯಂತ್ರಕ್ಕೆ ಜೋಡಿಸಿದರು. ಹಿಡಿದಾಗ ಪರದೆಯ ಗೆರೆ ಏರಿತು, ಬಿಟ್ಟಾಗ ಇಳಿಯಿತು. ಆದರೆ ತಳ ಮುಟ್ಟಲಿಲ್ಲ.

"ಬಿಟ್ಟೆ ಅಂತೀರಿ, ಬಿಟ್ಟಿಲ್ಲ. ಹಗಲೂ ರಾತ್ರಿ ಬಿಗಿಯಾಗಿದ್ದು ಸುಸ್ತಾದ ಸ್ನಾಯು, ಸೀನಿದಾಗ ಎಲ್ಲಿಂದ ಶಕ್ತಿ ತರುತ್ತೆ? ನೀವು ಮೊದಲು ಬಿಡೋದನ್ನ ಕಲೀಬೇಕು."

ಆರು ವಾರ ಅದೊಂದೇ ಕೆಲಸ. ಹೊಟ್ಟೆ ಉಬ್ಬುವಂತೆ ಉಸಿರೆಳೆಯುವುದು, ದವಡೆ ಸಡಿಲಿಸುವುದು, ಕೆಳಗಿನ ಜೋಲಿ ತಾನಾಗಿ ಇಳಿಯಲೆಂದು ಕಾಯುವುದು. ಏಳನೆಯ ವಾರ ಒಂದು ಮಧ್ಯಾಹ್ನ ಗೆರೆ ಮೆಲ್ಲಗೆ ಜಾರಿ ತಳ ಮುಟ್ಟಿತು. ಅತ್ತೆಯ ತೊಡೆಯ ಮೇಲಿದ್ದ ಮಗು ಮುದುಕರಂತೆ ಉದ್ದನೆಯ ನಿಟ್ಟುಸಿರು ಬಿಟ್ಟಿತು. ಕಣ್ಣು ತೆರೆದು, ಯಾರೋ ಅಪರಿಚಿತಳನ್ನು ನೋಡುವಂತೆ ತಾಯಿಯನ್ನೇ ದಿಟ್ಟಿಸಿತು. ಆಮೇಲೆ ಅಳತೊಡಗಿತು.

"ಈಗ ಹಿಡೀರಿ," ಅಂದರು ಮೇಡಂ.

ಹತ್ತರವರೆಗೂ ಹಿಡಿದಳು. ಅಳು ನಿಲ್ಲಲಿಲ್ಲ. ಇನ್ನೊಮ್ಮೆ ಹಿಡಿದಳು. ಮಗು ತನ್ನ ಪಾಡಿಗೆ ತಾನು ಉಸಿರೆಳೆದು, ತನ್ನ ಪಾಡಿಗೆ ತಾನು ಅಳುತ್ತಿತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಅವಳಿಗೆ ಮಾತ್ರ, ಬೇಡವೆಂದುಕೊಂಡರೂ, ಮೂರನೆಯ ಸಲ ಹಿಡಿದು ನೋಡದೆ ಇರಲಾಗಲಿಲ್ಲ. ಏನೂ ಇಲ್ಲ. ದುಃಖ ಒತ್ತರಿಸಿ ಬಂತು.

ಬಟ್ಟೆ ಸರಿಪಡಿಸಿಕೊಂಡು ಇಳಿದವಳು ಮೇಡಂ ಕೈ ಹಿಡಿದಳು. "ಈಗ ನೀವು ಮಲಗಿ ಮೇಡಂ. ನಾನು ಎಣಿಸ್ತೀನಿ. ನಿಮ್ಮ ಮಗಳೂ ಪಾರಾಗಲಿ."

ಮೇಡಂ ಹಾಸಿಗೆಯನ್ನೇ ನೋಡಿದರು. ಒಂದು ಹೆಜ್ಜೆ ಮುಂದಿಟ್ಟರು ಕೂಡ.

"ಬೇಡಮ್ಮ," ಅಂದರು ಕೊನೆಗೆ. "ಇದಿಲ್ಲದಿದ್ರೆ ಅವಳು ನನಗೆ ಫೋನೇ ಮಾಡಲ್ಲ."

ಕಂಡಕ್ಟರಮ್ಮ ಹಿಡಿದಿದ್ದ ಕೈ ಬಿಟ್ಟಳು. ಅಳುತ್ತಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಬಂದಳು.